ಮುಚ್ಚುವ ಕೈ, ತೆರೆಯುವ ಕೈ

ಕೈಯ ಬಲವೆಂದರೆ ಮುಷ್ಟಿಯ ಬಲವೆಂದೇ ನಮ್ಮ ರೂಢಿಯ ಎಣಿಕೆ. ‘ಬಿಗಿಮುಷ್ಟಿ’, ‘ಉಡದ ಹಿಡಿತ’ ಎಂಬ ಮಾತುಗಳು ಅದನ್ನೇ ಸಾರುತ್ತವೆ. ಬೆರಳುಗಳನ್ನು ಬಿಚ್ಚುವ ಶಕ್ತಿಗೆ ಇಂಥ ಹೊಗಳಿಕೆ ದೊರೆತಂತಿಲ್ಲ. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಕರ್ತೃ ಕೆ. ವಿ. ಅಯ್ಯರ್ ಅವರು ಬೆಂಗಳೂರಿನಲ್ಲಿ ವ್ಯಾಯಾಮಶಾಲೆಯನ್ನು ನಡೆಸಿದವರು. ಆದುದರಿಂದ ಸಾಹಿತ್ಯಾಸಕ್ತರ ಮುಂದೆ ಸ್ನಾಯುಗಳ ಮಾತನ್ನೆತ್ತುವುದು ಅಪ್ರಸ್ತುತವಾಗಲಾರದು.

ಬೆರಳುಗಳನ್ನು ಮಡಿಸುವ ಮುಖ್ಯ ಸ್ನಾಯುಗಳಿರುವುದು ಬೆರಳುಗಳಲ್ಲಲ್ಲ, ಮುಂಗೈಯ ಒಳಮೈಯಲ್ಲಿ, ನೀಡುವವು ಹೊರಮೈಯಲ್ಲಿ. ಅಲ್ಲಿಂದ ಹೊರಟ ಸ್ನಾಯುರಜ್ಜುಗಳು ಸೂತ್ರದ ಗೊಂಬೆಯ ದಾರಗಳಂತೆ ಮಣಿಕಟ್ಟನ್ನು ದಾಟಿ ಬೆರಳುಗಳನ್ನು ಸೇರುತ್ತವೆ. ಮಡಿಸುವ ಬಣವೇ ಸಹಜವಾಗಿ ಹೆಚ್ಚು ಬಲಶಾಲಿ.

ಆದರೆ ಆ ಬಲ ಸ್ವತಂತ್ರವಾದುದಲ್ಲ. ಮಣಿಕಟ್ಟನ್ನು ಅಂಗೈಯ ಕಡೆಗೆ ಪೂರ್ತಿಯಾಗಿ ಬಗ್ಗಿಸಿ ಮುಷ್ಟಿ ಕಟ್ಟಿ ನೋಡಿ, ಹಿಡಿತ ಸಡಿಲಗೊಳ್ಳುತ್ತದೆ. ಮಣಿಕಟ್ಟು ತುಸು ಹಿಂದಕ್ಕೆ ಬಾಗಿದ್ದಾಗ ಮುಷ್ಟಿ ಬಿಗಿಯಾಗುತ್ತದೆ. ಅದನ್ನು ಹಾಗೆ ನಿಲ್ಲಿಸುವವು ಹೊರಮೈಯ ಸ್ನಾಯುಗಳೇ. ಜಯನಗರ 4ನೆಯ ಬ್ಲಾಕಿನಿಂದ ತರಕಾರಿಯ ಚೀಲವನ್ನು ಹೊತ್ತು ತರುವಾಗ, ಸಿಲ್ಕ್ ಬೋರ್ಡ್ ಬಳಿಯ ವಾಹನಸಂದಣಿಯಲ್ಲಿ ಮತ್ತೆ ಮತ್ತೆ ಕ್ಲಚ್ ಅದುಮುವಾಗ, ಕಾಣದೆ ದುಡಿಯುವವು ಇವು. ಈ ದುಡಿಮೆ ಮಿತಿಮೀರಿದಲ್ಲಿ ಮೊಣಕೈಯ ಹೊರಬದಿಯಲ್ಲಿ ನೋವು ಹುಟ್ಟಬಹುದು. ಅದಕ್ಕೆ ‘ಟೆನಿಸ್ ಎಲ್ಬೋ’ ಎಂದು ಹೆಸರು. ರ‍್ಯಾಕೆಟ್ಟನ್ನು ಎಂದೂ ಮುಟ್ಟದವರನ್ನೂ ಅದು ಕಾಡುತ್ತದೆ.

ಹೀಗಿರುವಾಗ, ಸ್ಪ್ರಿಂಗಿನ ಹಿಡಿಯನ್ನು ದಿನವೂ ಅದುಮುತ್ತ ಮುಷ್ಟಿಯನ್ನಷ್ಟೇ ಬೆಳೆಸುವುದು ಅರ್ಧ ಸಾಧನೆ. ಉಳಿದರ್ಧಕ್ಕೆ ಒಂದು ರಬ್ಬರ್ ಬ್ಯಾಂಡ್ ಸಾಕು. ಐದೂ ಬೆರಳುಗಳ ತುದಿಗೆ ಅದನ್ನು ತೊಡಿಸಿ, ಬೆರಳುಗಳನ್ನು ನಿಧಾನವಾಗಿ ಅಗಲಿಸಿ, ಕ್ಷಣಕಾಲ ತಡೆದು, ಮೆಲ್ಲನೆ ಕೂಡಿಸಬೇಕು. 15ರಿಂದ 20 ಸಲದಂತೆ ಎರಡು ಆವೃತ್ತಿಗಳು, ವಾರಕ್ಕೆ ಮೂರು ದಿನ, ಆರಂಭಕ್ಕೆ ಸಾಕು. ಆಳವಾದ ಪಾತ್ರೆಯ ಅಕ್ಕಿಯಲ್ಲಿ ಕೈಯನ್ನು ಹೂತು ಬೆರಳುಗಳನ್ನು ಬಿಚ್ಚುವುದೂ ಇದೇ ಫಲವನ್ನು ಕೊಡುತ್ತದೆ. ಮಣಿಕಟ್ಟಿಗಾಗಿ, ಮುಂಗೈಯನ್ನು ಮೇಜಿನ ಮೇಲೂ ಹಸ್ತವನ್ನು ಅದರ ಅಂಚಿನಾಚೆಗೂ ಇರಿಸಿ, ಅಂಗೈ ಕೆಳಮುಖವಾಗಿರುವಂತೆ ಅರ್ಧ ಕಿಲೋದಷ್ಟು ತೂಕವನ್ನು ಹಿಡಿದು ಎತ್ತಿ ಇಳಿಸಬಹುದು.

ಎರಡು ಬಣಗಳನ್ನೂ ಸಮಬಲಗೊಳಿಸುವುದು ಇಲ್ಲಿಯ ಉದ್ದೇಶವಲ್ಲ. ಪ್ರಕೃತಿಯೇ ಅವನ್ನು ಹಾಗೆ ರಚಿಸಿಲ್ಲ. ಕಿರಿಯ ಬಣ ಬೇಗನೆ ದಣಿಯದಂತೆ ನೋಡಿಕೊಂಡರಾಯಿತು. ವ್ಯಾಯಾಮವು ವಿಶ್ರಾಂತಿಗೆ ಬದಲಲ್ಲ. ನೋವು ಉಳಿದರೆ ಅಭ್ಯಾಸವನ್ನು ನಿಲ್ಲಿಸಿ ವೈದ್ಯರನ್ನು ಕಾಣುವುದೇ ವಿವೇಕ.

ವೀಣೆಯ ತಂತಿಯನ್ನು ಒತ್ತಿದ ಬೆರಳು ಸಕಾಲದಲ್ಲಿ ಮೇಲೇಳದಿದ್ದರೆ ಮುಂದಿನ ಸ್ವರ ಹೊಮ್ಮಲಾರದು. ಹಿಡಿಯುವಷ್ಟೇ ಬಿಡುವುದೂ ಕೈಯ ಕಸುಬು. ಅದಕ್ಕೂ ದಿನದಲ್ಲಿ ಐದು ನಿಮಿಷ ಸಲ್ಲಬೇಕು.