ಬಳ್ಳಾರಿ ಜಾಲಿ: ಕೃಷಿಗೆ ಉಪಯೋಗ, ನೆಲಕ್ಕೆ ರಕ್ಷಣೆ

ಪದಾರ್ಥದ ಚರಿತ್ರೆಯು ಎಷ್ಟೋ ವೇಳೆ ಅದರ ಹೆಸರಿನಲ್ಲಿಯೇ ಅಡಗಿರುತ್ತದೆ. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹುಣಸೆ ಎಂಬ ಮಾತುಗಳನ್ನು ಕೇಳಿದೊಡನೆಯೇ ಅವು ಪರದೇಶದಿಂದ ಬಂದವೆಂದು ತಿಳಿಯುತ್ತದೆ. ಇಂದು ನಮ್ಮ ಕೆರೆಯಂಗಳಗಳನ್ನೂ ಗೋಮಾಳಗಳನ್ನೂ ಆಕ್ರಮಿಸಿರುವ ಮುಳ್ಳುಗಿಡವೊಂದನ್ನು ತಮಿಳರು ‘ಸೀಮೈ ಕರುವೇಲಂ’ ಎಂದೂ, ರಾಜಸ್ಥಾನದವರು ‘ವಿಲಾಯತಿ ಬಬೂಲ’ ಎಂದೂ ಕರೆದು ಅದರ ಪರಕೀಯತೆಯನ್ನು ಸಾರಿದ್ದಾರೆ. ಕಚ್ಛ ಪ್ರಾಂತದವರು ಇನ್ನೂ ಮುಂದೆ ಹೋಗಿ ‘ಗಾಂಡೋ ಬಾವಳ’, ಎಂದರೆ ಹುಚ್ಚು ಜಾಲಿ, ಎಂದಿದ್ದಾರೆ. ಕನ್ನಡಿಗರಾದ ನಾವಾದರೋ ಅದನ್ನು ‘ಬಳ್ಳಾರಿ ಜಾಲಿ’ ಎಂದು ಕರೆದು, ನಮ್ಮ ನಾಡಿನಲ್ಲಿಯೇ ಅದಕ್ಕೊಂದು ತವರನ್ನು ಕಲ್ಪಿಸಿಕೊಟ್ಟಿದ್ದೇವೆ.

ವಾಸ್ತವವಾಗಿ ಇದರ ಜನ್ಮಭೂಮಿ ಮೆಕ್ಸಿಕೋ, ಮಧ್ಯ ಅಮೆರಿಕ ಹಾಗೂ ಕೆರಿಬಿಯನ್ ದ್ವೀಪಗಳು. 1870ರ ದಶಕದಲ್ಲಿ, ಒಣ ಪ್ರದೇಶಗಳ ಸೌದೆಯ ಅಭಾವವನ್ನು ನೀಗಿಸುವ ಉದ್ದೇಶದಿಂದ, ಇದರ ಬೀಜವನ್ನು ಅಂದಿನ ಮದರಾಸು ಆಧಿಪತ್ಯಕ್ಕೆ ತರಿಸಲಾಯಿತು. ಬಳ್ಳಾರಿಯೂ ಆಗ ಆ ಆಧಿಪತ್ಯಕ್ಕೇ ಸೇರಿತ್ತು. 1940ರಲ್ಲಿ ಜೋಧಪುರ ಸಂಸ್ಥಾನವು ಇದಕ್ಕೆ ರಾಜವೃಕ್ಷದ ಗೌರವವನ್ನು ನೀಡಿತು. 1961ರಲ್ಲಿ ಗುಜರಾತಿನ ಅರಣ್ಯ ಇಲಾಖೆಯು ಕಚ್ಛದ ರಣದ ಉಪ್ಪುನೆಲ ಮುಂದುವರಿಯದಂತೆ ತಡೆಯಲು ಬನ್ನಿ ಎಂಬ ಹುಲ್ಲುಗಾವಲಿನ ಅಂಚಿನಲ್ಲಿ ಇದನ್ನು ನೆಡಿಸಿತು. ಕಾಲಾಂತರದಲ್ಲಿ ಗಿಡವು ಆ ಹುಲ್ಲುಗಾವಲಿನ ಬಹುಭಾಗವನ್ನೇ ನುಂಗಿತು. ಸದುದ್ದೇಶದಿಂದ ಬರಮಾಡಿಕೊಂಡ ಅತಿಥಿಯು ಮನೆಯ ಯಜಮಾನಿಕೆಗೇ ಕೈಹಾಕಿದ ಬಗೆಯಿದು.

ಹೆಸರಿನಲ್ಲಿ ಜಾಲಿಯಾದರೂ ಸಸ್ಯಶಾಸ್ತ್ರದ ದೃಷ್ಟಿಯಿಂದ ಇದು ನಮ್ಮ ಕರಿಜಾಲಿಗಿಂತ, ವಿಜಯದಶಮಿಯಂದು ನಾವು ಪೂಜಿಸುವ ಶಮೀವೃಕ್ಷಕ್ಕೆ ಹತ್ತಿರದ ಬಂಧು. ಎರಡನ್ನೂ ವಿದ್ವಾಂಸರು ದೀರ್ಘಕಾಲ ಒಂದೇ ಕುಲದಲ್ಲಿ ಎಣಿಸುತ್ತಿದ್ದರು. ಆದರೆ ಬಂಧುಗಳ ಗುಣದಲ್ಲಿ ಎಷ್ಟು ಅಂತರ! ಮಾರವಾಡದ ರೈತನು ಹೊಲದ ನಡುವೆ ಶಮಿಯನ್ನು ಕಡಿಯದೆ ಉಳಿಸಿಕೊಳ್ಳುತ್ತಾನೆ. ಅದರ ನೆರಳಿನಲ್ಲಿ ಸಜ್ಜೆ ಹುಲುಸಾಗಿ ಬೆಳೆಯುತ್ತದೆ, ಎಲೆಯನ್ನು ದನಕರುಗಳು ಮೇಯುತ್ತವೆ, ಎಳೆಗಾಯಿಯು ಅಡುಗೆಗೆ ಒದಗುತ್ತದೆ. ಬಳ್ಳಾರಿ ಜಾಲಿಯ ಎಲೆಯನ್ನಾದರೋ ದನಗಳು ಮುಟ್ಟುವುದಿಲ್ಲ. ಉದುರಿದ ಎಲೆಯ ಸಾರವು ಇತರ ಬೀಜಗಳ ಮೊಳಕೆಯನ್ನು ಕುಂಠಿತಗೊಳಿಸುತ್ತದೆ. ಮೇಯುವವರಿಲ್ಲದ, ನೆರೆಯವರನ್ನು ಬೆಳೆಯಗೊಡದ ಗಿಡವು ಹಬ್ಬಿದುದರಲ್ಲಿ ಆಶ್ಚರ್ಯವೇನು?

ಎಲೆ ಒಗರಾದರೂ ಕಾಯಿ ಸಿಹಿ. ಇಡೀ ಸಮಸ್ಯೆಯ ಮರ್ಮ ಇಲ್ಲಿಯೇ ಇದೆ. ಬೇಸಿಗೆಯಲ್ಲಿ, ಹಸಿರು ಮೇವು ತೀರಿದ ಕಾಲದಲ್ಲಿ, ಹಳದಿಗೆ ತಿರುಗಿದ ಕಾಯಿಗಳು ನೆಲಕ್ಕುದುರುತ್ತವೆ. ದನ, ಕುರಿ, ಮೇಕೆಗಳು ಆಸೆಪಟ್ಟು ತಿನ್ನುತ್ತವೆ. ತಿರುಳು ಜೀರ್ಣವಾಗುತ್ತದೆ, ಗಟ್ಟಿ ಕವಚದ ಬೀಜಗಳಲ್ಲಿ ಬಹುಪಾಲು ಕೆಡದೆ ಸಗಣಿಯೊಡನೆ ಹೊರಬಿದ್ದು, ಗೊಬ್ಬರದ ನಡುವೆಯೇ ಮೊಳೆಯುತ್ತವೆ. ಹೀಗಾಗಿ ಇಡಿಯಾದ ಕಾಯಿಯನ್ನು ದನಕ್ಕೆ ತಿನ್ನಿಸುವ ರೈತನು ತನಗರಿವಿಲ್ಲದೆಯೇ ತನ್ನ ಹೊಲದಲ್ಲಿ ಮುಳ್ಳನ್ನು ಬಿತ್ತುತ್ತಾನೆ.

ಇಂತಹ ಪರಕೀಯ ಸಸ್ಯದ ಹಾವಳಿ ನಮಗೆ ಹೊಸತಲ್ಲ. ಹಿಂದೆ ಪಾಪಾಸುಕಳ್ಳಿಯು ದಕ್ಷಿಣ ಭಾರತದ ಹೊಲಗದ್ದೆಗಳಿಗೆ ಕಂಟಕವಾಗಿತ್ತು. 1926ರಲ್ಲಿ ಸಿಂಹಳದಿಂದ ತಂದುಬಿಟ್ಟ ಒಂದು ಬಗೆಯ ಕೀಟವು ಅದನ್ನು ತಿಂದು ಹಣ್ಣುಮಾಡಿತು. ಬಳ್ಳಾರಿ ಜಾಲಿಯ ವಿಷಯದಲ್ಲಿ ಅಂತಹ ಸುಲಭೋಪಾಯವು ನಮಗೆ ದೊರೆತಿಲ್ಲ. ಆದುದರಿಂದ ಕೀಟವು ಮಾಡಿದ ಕೆಲಸವನ್ನು ಮನುಷ್ಯನು ತನ್ನ ಬಳಕೆಯಿಂದಲೇ ಮಾಡಬೇಕಾಗಿದೆ.

ಮೊದಲನೆಯದು ಕಾಯಿಯ ಬಳಕೆ. ಅದರಲ್ಲಿ ಸಕ್ಕರೆಯಂಶ ಹೇರಳವಾಗಿದೆ. ಸಸಾರಜನಕವು ನೂರಕ್ಕೆ ಸುಮಾರು 12 ಭಾಗವಿದೆ. ಕಾಯಿಯನ್ನು ಆರಿಸಿ ತಂದು, ಬಿಸಿಲಿನಲ್ಲಿ ಗರಿಗರಿಯಾಗುವಂತೆ ಒಣಗಿಸಿ, ಬೀಜವೂ ನುಚ್ಚಾಗುವಂತೆ ಪುಡಿಮಾಡಬೇಕು. ತೇವವಿದ್ದರೆ ಸಕ್ಕರೆಯ ಅಂಟಿನಿಂದ ಯಂತ್ರ ಕಟ್ಟಿಕೊಳ್ಳುತ್ತದೆ. ಈ ಪುಡಿಯನ್ನು ಬೂಸಾ, ಹಿಂಡಿಗಳೊಡನೆ ಬೆರೆಸಿ ಕೊಡಬಹುದು. ಒಟ್ಟು ಆಹಾರದ ಐದನೆಯ ಒಂದು ಪಾಲನ್ನು ಅದು ಮೀರದಿರುವುದು ಕ್ಷೇಮ. ಬಹುಕಾಲ ಕಾಯಿಯೊಂದನ್ನೇ ತಿಂದ ದನಗಳಿಗೆ ದವಡೆಯ ನರಗಳು ಕೆಟ್ಟು ಮೆಲುಕುಹಾಕುವುದೂ ಕಷ್ಟವಾಗುತ್ತದೆ. ಬ್ರೆಜಿಲ್ ದೇಶದ ಗೋವಳರು ಈ ರೋಗವನ್ನು ‘ಸೊಟ್ಟ ಮುಖ’ ಎಂಬರ್ಥದ ಹೆಸರಿನಿಂದ ಕರೆಯುತ್ತಾರೆ. ಜೋಧಪುರದ ಕೇಂದ್ರೀಯ ಶುಷ್ಕ ಪ್ರದೇಶ ಸಂಶೋಧನಾ ಸಂಸ್ಥೆಯು ಈ ಕಾಯಿಯಿಂದ ಪಶು ಆಹಾರವನ್ನಲ್ಲದೆ ಕಾಫಿಯಂತಹ ಪೇಯದ ಪುಡಿಯನ್ನೂ ಸಿದ್ಧಪಡಿಸಿ ತೋರಿಸಿದೆ. ಬೀಜ ಪುಡಿಯಾಯಿತೆಂದರೆ ಮೇವೂ ದೊರೆಯಿತು, ಗಿಡದ ಸಂತತಿಯೂ ಅಲ್ಲಿಗೆ ಮುಗಿಯಿತು.

ಎರಡನೆಯದು ಕಟ್ಟಿಗೆ. ಇದು ಗಟ್ಟಿಯಾದುದು, ಚೆನ್ನಾಗಿ ಉರಿಯುವಂತಹುದು. ಬೇಲಿಗೂಟಕ್ಕೂ ಗುದ್ದಲಿ ಕೊಡಲಿಗಳ ಕಾವಿಗೂ ಒದಗುತ್ತದೆ. ಇದ್ದಿಲು ಸುಟ್ಟಾಗ ಉಳಿಯುವ ಪುಡಿಯನ್ನು ತಿಪ್ಪೆಗೊಬ್ಬರದೊಡನೆ ಕಳಿಯಿಸಿ ಹೊಲಕ್ಕೆ ಹಾಕಿದರೆ ನೆಲವು ತೇವವನ್ನು ಹಿಡಿದಿಡಲು ಸಹಾಯವಾಗುತ್ತದೆ. ಮೂರನೆಯದು ಸೊಪ್ಪು. ಹಸಿಯದನ್ನು ಬೆಳೆಯ ಬುಡಕ್ಕೆ ಹೊದಿಸಬಾರದು. ಗೊಬ್ಬರದ ಗುಂಡಿಯಲ್ಲಿ ಚೆನ್ನಾಗಿ ಕಳಿತ ಬಳಿಕವೇ ಬಳಸತಕ್ಕದ್ದು.

ನಾಲ್ಕನೆಯದು ಬಹುಮಂದಿ ಗಮನಿಸದ ಸಂಗತಿ. ದ್ವಿದಳ ಜಾತಿಯ ಈ ಗಿಡವು ಬೇರಿನ ಗಂಟುಗಳ ಮೂಲಕ ಗಾಳಿಯ ಸಾರಜನಕವನ್ನು ನೆಲಕ್ಕೆ ಸೇರಿಸುತ್ತದೆ. ಹರಿಯಾಣದ ಕರ್ನಾಲ್‌ನಲ್ಲಿರುವ ಕೇಂದ್ರೀಯ ಮಣ್ಣಿನ ಲವಣತೆ ಸಂಶೋಧನಾ ಸಂಸ್ಥೆಯು ಈ ಗಿಡವನ್ನು ಹುಲ್ಲಿನೊಡನೆ ಬೆಳೆಸಿ ಚೌಳು ನೆಲವು ಸುಧಾರಿಸುವುದನ್ನು ಕಂಡುಕೊಂಡಿದೆ. ಇದರಿಂದ ಹೊಸದಾಗಿ ನೆಡಬೇಕೆಂದು ಅರ್ಥಮಾಡಬಾರದು. ಈಗಾಗಲೇ ಗಿಡ ನಿಂತಿರುವ ನೆಲವನ್ನು ಹಸನುಮಾಡಿದರೆ ಅದು ಬರಡಾಗಿರುವುದಿಲ್ಲ ಎಂಬುದಷ್ಟೇ ನಾವು ಗ್ರಹಿಸಬೇಕಾದ ತಾತ್ಪರ್ಯ.

ಆದರೆ ಬಳಕೆಯಲ್ಲಿಯೂ ಒಂದು ಅಪಾಯವುಂಟು. ನೆಲಮಟ್ಟಕ್ಕೆ ಕಡಿದರೆ ಬುಡದಿಂದ ಹಲವು ಚಿಗುರುಗಳೊಡೆದು ಒಂದು ಕಾಂಡವಿದ್ದಲ್ಲಿ ಹತ್ತಾಗುತ್ತವೆ. ಇದ್ದಿಲು ಸುಡುವವನಿಗೆ ಅದೇ ಲಾಭ; ಹೊಲದವನಿಗೆ ಅದೇ ನಷ್ಟ. ಆದುದರಿಂದ ಮಳೆ ಬಿದ್ದು ನೆಲ ಮೆತ್ತಗಾದಾಗ ಒಂದು ಅಡಿಯಷ್ಟು ಆಳಕ್ಕೆ ಅಗೆದು ಬುಡದ ಗಡ್ಡೆಯನ್ನೇ ಎತ್ತಬೇಕು. ಎತ್ತಿದ ಕಡೆ ಕೂಡಲೇ ಹೊಂಗೆ, ಬೇವು, ಕರಿಜಾಲಿ ಅಥವಾ ಹುಲ್ಲನ್ನು ಬೆಳೆಸಬೇಕು. ಮುಂದಿನ ಎರಡು ಮೂರು ಮಳೆಗಾಲ ಸಸಿಗಳನ್ನು ಕಿತ್ತುಹಾಕುತ್ತಿರಬೇಕು. ಈ ಕಟ್ಟಿಗೆಯಿಂದಲೇ ಒಲೆ ಹೊತ್ತಿಸುವ ಬಡ ಸಂಸಾರಗಳು ರಾಯಚೂರು, ಕೊಪ್ಪಳ, ಬಳ್ಳಾರಿಗಳ ಹಳ್ಳಿಗಳಲ್ಲಿ ಹಲವಿವೆ. ಅವರ ಸೌದೆಗೆ ಬೇರೆ ಮರ ಬೆಳೆದುನಿಲ್ಲುವವರೆಗೆ ಒಂದೇ ಏಟಿಗೆ ಎಲ್ಲವನ್ನೂ ಬಯಲುಮಾಡುವುದು ನ್ಯಾಯವಲ್ಲ. ಕೆರೆಯಂಗಳ ಮೊದಲು, ಹೊಲದ ಬದು ಅನಂತರ, ಗೋಮಾಳ ಕೊನೆಗೆ ಎಂಬ ಕ್ರಮವು ಸೂಕ್ತವಾದೀತು.

ಈ ಸಂಚಿಕೆಯನ್ನು ಓದುವವರಲ್ಲಿ ಒಕ್ಕಲುತನದ ಮನೆತನದವರು ಅನೇಕರಿದ್ದಾರೆ. ಊರಿಗೆ ಉಪಕಾರ ಮಾಡಬೇಕೆಂಬ ದಾನಿಗಳೂ ಇದ್ದಾರೆ. ಕಾಯಿಯನ್ನು ಪುಡಿಮಾಡುವ ಒಂದು ಯಂತ್ರವನ್ನು ಊರಿಗೆ ಕೊಡಿಸುವುದು ಸಾಮಾನ್ಯ ಸೇವೆಯಲ್ಲ. ಬೇಸಿಗೆಯ ರಜೆಯಲ್ಲಿ ಶಿಕ್ಷಕರು ಮಕ್ಕಳಿಂದ ಕಾಯಿ ಆರಿಸುವ ಕೆಲಸವನ್ನು ಮಾಡಿಸಬಹುದು. ಮುಳ್ಳು ಉದ್ದವಾದುದು, ಚುಚ್ಚಿದರೆ ಕೀವಾಗುವುದುಂಟು. ಆದುದರಿಂದ ಕಾಲಿಗೆ ಗಟ್ಟಿ ಚಪ್ಪಲಿಯಿಲ್ಲದ ಮಗುವನ್ನು ಆ ಕೆಲಸಕ್ಕೆ ಕಳುಹಿಸಕೂಡದು. ಆರಿಸಿದ ಒಂದೊಂದು ಚೀಲವೂ ದನಕ್ಕೆ ಮೇವು. ಅಷ್ಟರಮಟ್ಟಿಗೆ ಕೆರೆಗೆ ಬಿಡುಗಡೆ.