ಸಂಕ ದಾಟುವಾಗ ಯಾರು ಮೊದಲು?

ಆಗಸ್ಟ್ 30ರಿಂದ ಸೆಪ್ಟೆಂಬರ್ 7ರ ವರೆಗಿನ ಒಂಬತ್ತು ದಿನಗಳು ನಮ್ಮ ಇಗರ್ಜಿಗಳಿಗೆ ಮಕ್ಕಳು ಕನ್ಯಾಮರಿಯಮ್ಮನವರಿಗಾಗಿ ಹೂವಿನ ಬುಟ್ಟಿ ಹಿಡಿದು ಬರುವ ದಿನಗಳು. ಪುತ್ತೂರು, ಸುಳ್ಯ, ಕಡಬ ತಾಲೂಕುಗಳಲ್ಲಿ ಮಳೆ ಆಗ ಪೂರ್ತಿ ಬಿಟ್ಟಿರುವುದಿಲ್ಲ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಬುಟ್ಟಿ. ಕಂಬಿ ಹಿಡಿಯಲು ಮೂರನೆಯ ಕೈ ಇಲ್ಲ. ಹೊಳೆಯಾಚೆಯ ವಾಳೆಗಳ ಮಕ್ಕಳಿಗೆ ತೂಗುಸೇತುವೆಯೇ ದಾರಿ. ಹಾಲಿನ ಸೊಸೈಟಿಗೆ ಹೋಗುವವರು, ಸೈಕಲ್ ತಳ್ಳುವವರು, ಈಚಿನ ವರ್ಷಗಳಲ್ಲಿ ಇಳಿಯುವ ಗೋಜಿಗೇ ಹೋಗದ ಬೈಕು ಸವಾರರು, ಎಲ್ಲರೂ ಅದೇ ಹೊತ್ತಿಗೆ ಅದರ ಮೇಲೆ.

ಕಳೆದ ವರ್ಷ ಆ ದಿನಗಳಲ್ಲೇ ಒಂದು ಬೆಳಿಗ್ಗೆ, ಉಪಕೇಂದ್ರದ ಪೂಜೆಗೆ ತಡವಾಯಿತೆಂದು ನಾವೂ ಸ್ಕೂಟರನ್ನು ಇಂಥದೊಂದು ಸೇತುವೆಗೆ ಏರಿಸಿದೆವು. ಮಧ್ಯದಲ್ಲಿ ಮೊಮ್ಮಗಳ ಕೈ ಹಿಡಿದು ಒಬ್ಬ ಅಜ್ಜಿ ನಡೆಯುತ್ತಿದ್ದರು. ನಾವು ಹಾರ್ನ್ ಹಾಕಿದೆವು. ಅವರು ಬೆಚ್ಚಿ ಕಂಬಿಗೆ ಒರಗಿದರು, ಸೇತುವೆ ತೂಗಿತು, ಮಗುವಿನ ಬುಟ್ಟಿ ಹೊಳೆಗೆ ಬಿತ್ತು. ಮಗು ಬೀಳಲಿಲ್ಲ. ಅಜ್ಜಿ ನಮ್ಮ ಗುರುತು ಹಿಡಿದು, ಗದರುವ ಬದಲು ‘ಫಾದರ್, ನಿಮಗೆ ಅರ್ಜೆಂಟಿತ್ತೋ ಏನೋ’ ಎಂದರು. ಆ ದಿನ ನಮ್ಮ ಪ್ರಬೋಧನೆಯ ವಿಷಯ ನೆರೆಯವರ ಪ್ರೀತಿ ಎಂಬುದನ್ನು ಇಲ್ಲಿ ಬರೆಯದೆ ಬಿಡುವುದು ಸರಿಯಾಗದು.

ಈ ಸೇತುವೆಗಳ ಹಿನ್ನೆಲೆಯನ್ನು ಎಳೆಯರಿಗೆ ಹೇಳಬೇಕು. ಸುಳ್ಯದ ಇಂಜಿನಿಯರ್ ಗಿರೀಶ್ ಭಾರದ್ವಾಜರು 1989ರಲ್ಲಿ ಆರಂಬೂರಿನಲ್ಲಿ ಪಯಸ್ವಿನಿಗೆ ತಮ್ಮ ಮೊದಲ ತೂಗುಸೇತುವೆ ಕಟ್ಟಿದರು. ಬಳಿಕ ದೇಶದ ಹಲವೆಡೆ ನೂರಕ್ಕೂ ಹೆಚ್ಚು ಸೇತುವೆಗಳನ್ನು ನಿರ್ಮಿಸಿದ ಅವರಿಗೆ 2017ರಲ್ಲಿ ಪದ್ಮಶ್ರೀ ಬಂತು. ಮಳೆಗಾಲದಲ್ಲಿ ದ್ವೀಪವಾಗುತ್ತಿದ್ದ ಊರುಗಳ ಮಕ್ಕಳು ಶಾಲೆ ಕಂಡದ್ದು, ಬಸುರಿಯರು ಸಕಾಲದಲ್ಲಿ ಆಸ್ಪತ್ರೆ ಸೇರಿದ್ದು ಇಂಥ ಸೇತುವೆಗಳಿಂದ. ಆದರೆ ಅವು ನಡೆಯುವವರಿಗಾಗಿ ಹುಟ್ಟಿದವು.

ಅದಕ್ಕೂ ಮುಂಚೆ ಇದ್ದದ್ದು ಅಡಕೆ ಮರದ ಕಾಲುಸಂಕ. ಅದರ ಮೇಲೆ ಒಂದು ಸಲಕ್ಕೆ ಒಬ್ಬರೇ. ಆಚೆ ದಡದಲ್ಲಿ ಯಾರಾದರೂ ಹೆಜ್ಜೆ ಇಟ್ಟರೆಂದರೆ ಈಚೆಯವರು ನಿಂತು ಕಾಯುತ್ತಿದ್ದರು. ಹೊರೆ ಹೊತ್ತವರಿಗೆ ‘ನೀವು ಬನ್ನಿ’ ಎನ್ನುತ್ತಿದ್ದರು. ಅದು ಸೌಜನ್ಯವೋ, ಹೊಳೆಗೆ ಬೀಳುವ ಭಯವೋ? ಬಹುಶಃ ಎರಡೂ. ಸಂಕ ಅಗಲವಾಯಿತು, ಭಯ ಹೋಯಿತು, ಅದರ ಜೊತೆಗೇ ಕಾಯುವ ಅಭ್ಯಾಸವೂ ಹೋಯಿತು. ಮನೆ ಕಟ್ಟಿ ಕಟ್ಟಿಯೇ ಮನುಷ್ಯ ಮನೆ ಕಟ್ಟುವವನಾಗುತ್ತಾನೆ, ಹಾಗೆಯೇ ಸದ್ಗುಣವೂ ರೂಢಿಯಿಂದ ಬರುತ್ತದೆ ಎಂಬುದು ಅರಿಸ್ಟಾಟಲನ ವಾದ. ಕಾಯದೆ ಇದ್ದು ಇದ್ದು ಕಾಯಲಾರದವರಾಗುತ್ತೇವೆ ಎಂಬುದೂ ಅದರಿಂದಲೇ ಸಿದ್ಧವಾಗುತ್ತದೆ. ಸಂತ ತೋಮಸ್ ಅಕ್ವೀನರು ವಿವೇಕದ ಅಂಗಗಳಲ್ಲಿ ಮುಂದಾಲೋಚನೆಯನ್ನೂ ಸುತ್ತಲಿನ ಸ್ಥಿತಿಗತಿಯ ಅರಿವನ್ನೂ ಎಣಿಸಿದ್ದಾರೆ. ಸೆಮಿನರಿಯಲ್ಲಿ ಇದನ್ನು ಬಾಯಿಪಾಠ ಮಾಡಿದ್ದೆವು. ಅದರ ಅರ್ಥ ತಿಳಿದದ್ದು ಆ ಬುಟ್ಟಿ ಬಿದ್ದಾಗ.

ತೂಗುಸೇತುವೆಯ ಗುಣವೇ ಬೇರೆ. ಅಲ್ಲಿ ಒಬ್ಬನ ಹೆಜ್ಜೆ ಎಲ್ಲರ ಕಾಲಡಿಗೂ ತಲಪುತ್ತದೆ. ಇಂಗ್ಲೆಂಡಿನ ಬ್ರೌಟನ್ ಎಂಬಲ್ಲಿ 1831ರಲ್ಲಿ ಸೈನಿಕರು ಹೆಜ್ಜೆಗೆ ಹೆಜ್ಜೆ ಸೇರಿಸಿ ನಡೆಯುತ್ತಿದ್ದಾಗ ತೂಗುಸೇತುವೆ ಮುರಿದುಬಿತ್ತು. ಅಲ್ಲಿಂದ ಮುಂದೆ ಸೇತುವೆಯ ಮೇಲೆ ಹೆಜ್ಜೆ ತಪ್ಪಿಸಿ ನಡೆಯಬೇಕೆಂದು ಆ ದೇಶದ ಸೈನ್ಯದಲ್ಲಿ ಆಜ್ಞೆಯಾಯಿತು. ಗುಜರಾತಿನ ಮೋರ್ಬಿಯಲ್ಲಿ 2022ರ ಅಕ್ಟೋಬರ್ 30ರಂದು ತೂಗುಸೇತುವೆ ಕುಸಿದು 130ಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಅಲ್ಲಿ ನಿರ್ವಹಣೆಯ ಲೋಪವೂ ಇತ್ತು, ಜನಸಂದಣಿಯೂ ಇತ್ತು. ಎಂದ ಮೇಲೆ ರಜೆಯಲ್ಲಿ ಬಂದ ಹುಡುಗರು ನಮ್ಮ ಸೇತುವೆಯ ನಡುವೆ ಗುಂಪಾಗಿ ನಿಂತು ಫೋಟೋ ತೆಗೆಯುತ್ತ, ತಮಾಷೆಗೆಂದು ಅದನ್ನು ತೂಗಿಸುವುದನ್ನು ನೋಡಿಯೂ ಹಿರಿಯರು ಸುಮ್ಮನಿರುವುದು ಹೇಗೆ? ತಪ್ಪು ಬೈಕಿನವರದ್ದು ಮಾತ್ರವಲ್ಲ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಮೂವರು ಸಾಲಾಗಿ ದಾರಿ ತುಂಬ ನಡೆಯುವವರೂ ನೆರೆಯವರನ್ನು ಮರೆತವರೇ.

ಯಾರು ಮೊದಲು ಎಂಬ ಪ್ರಶ್ನೆಗೆ ನಮ್ಮ ಉತ್ತರ ಸರಳವಾದುದು: ನಿಲ್ಲುವುದು ಯಾರಿಗೆ ಸುಲಭವೋ ಅವರು ನಿಲ್ಲಬೇಕು. ಹುಲ್ಲಿನ ಹೊರೆ ಹೊತ್ತವಳು ನಿಂತರೆ ಕುತ್ತಿಗೆ ನೋಯುತ್ತದೆ. ಸವಾರ ನಿಂತರೆ ಬ್ರೇಕು ಮಾತ್ರ ಒತ್ತಿದ ಹಾಗಾಯಿತು. ಸವಾರ ಸಹಿತ ಬೈಕಿನ ಭಾರ ಒಂದೂವರೆ ಕ್ವಿಂಟಾಲಿಗೂ ಮಿಕ್ಕಿದ್ದು, ಅದೂ ಎರಡು ಚಕ್ರಗಳಡಿಯ ಅಂಗೈ ಅಗಲದ ಜಾಗದ ಮೇಲೆ. ಆದ್ದರಿಂದ ಬೈಕನ್ನು ದಡದಲ್ಲೇ ಬಿಡುವುದು ಉತ್ತಮ. ದಾಟಿಸಲೇಬೇಕಾದರೆ ಜನರೆಲ್ಲ ದಾಟಿದ ಮೇಲೆ ಇಳಿದು ತಳ್ಳಬೇಕು. ಹಾರ್ನ್ ಕೂಡದು, ರಾತ್ರಿ ಎದುರಿನವರ ಕಣ್ಣಿಗೆ ದೀಪ ಹಾಯಿಸಕೂಡದು. ಮಳೆಗಾಲದಲ್ಲಿ ಹಲಗೆಗೆ ಪಾಚಿ ಕಟ್ಟಿರುತ್ತದೆ. ಅಲ್ಲಿ ತಟ್ಟನೆ ಬ್ರೇಕ್ ಹಾಕಿದವನು ತಾನೊಬ್ಬನೇ ಬೀಳುವುದಿಲ್ಲ. ರೋಗಿಯನ್ನು ಕರೆತರುವಾಗ ಮಾತ್ರ ಲೆಕ್ಕ ತಲೆಕೆಳಗು: ಆಗ ಹೊರೆಯವಳೂ ದಡದಲ್ಲಿ ಇಳಿಸಿ ಕಾದಾಳು, ಅದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇವೆಲ್ಲ ಲೌಕಿಕ ವಿಚಾರ, ಇಗರ್ಜಿಗೇಕೆ ಎಂದು ಕೇಳುವವರಿದ್ದಾರೆ. ವಾತಿಕಾನ್ 2007ರ ಜೂನಿನಲ್ಲಿ ರಸ್ತೆಯ ಬಗ್ಗೆಯೇ ಒಂದು ಮಾರ್ಗದರ್ಶಿಯನ್ನು ಹೊರತಂದಿತು. ಅದರಲ್ಲಿ ವಾಹನ ಚಾಲಕರಿಗೆ ಹತ್ತು ಕಟ್ಟಳೆಗಳಿವೆ. ಮೊದಲನೆಯದು ಕೊಲ್ಲಬೇಡ ಎಂಬುದೇ. ರಸ್ತೆಯಲ್ಲಿ ದುರ್ಬಲರನ್ನು ಕಾಪಾಡುವುದೂ ಅವುಗಳಲ್ಲೊಂದು. ಮದ್ಯದ ಅಮಲಿನಿಂದಲೋ ವೇಗದ ಹುಚ್ಚಿನಿಂದಲೋ ಪರರ ಜೀವಕ್ಕೆ ಅಪಾಯ ತರುವುದು ಗುರುತರ ದೋಷವೆಂದು ಕಥೋಲಿಕ ಧರ್ಮಸಭೆಯ ಧರ್ಮೋಪದೇಶದ 2290ನೆಯ ಕಂಡಿಕೆ ಹೇಳುತ್ತದೆ. ಪಾಪನಿವೇದನೆಯಲ್ಲಿ ಇದನ್ನು ಹೇಳಿಕೊಂಡವರನ್ನು ನಾವು ಅಷ್ಟಾಗಿ ಕಂಡಿಲ್ಲ. ನಾವೇ ಹೇಳಿಕೊಂಡದ್ದು ಈಚೆಗೆ.

ಈ ಸಲ ಹೂವಿನ ದಿನಗಳಲ್ಲಿ ಹೊಳೆಯಾಚೆಯ ವಾಳೆಗಳ ಗುರಿಕಾರರು ಸರದಿಯ ಮೇಲೆ ಸೇತುವೆಯ ಎರಡೂ ತುದಿಗಳಲ್ಲಿ ನಿಲ್ಲಲು ಒಪ್ಪಿದ್ದಾರೆ. ನೆರೆಯ ಹಿಂದೂ, ಮುಸಲ್ಮಾನ ಬಂಧುಗಳು ತಾವೂ ಬರುವುದಾಗಿ ಹೇಳಿದ್ದಾರೆ. ಅವರ ಮಕ್ಕಳೂ ಶಾಲೆಗೆ ಅದೇ ದಾರಿಯಲ್ಲಿ ಹೋಗುತ್ತಾರೆ. ಈಚೆ ದಡದ ಹಲಸಿನ ಮರದಡಿ ಬೈಕು ನಿಲ್ಲಿಸಲು ತೋಟದ ಯಜಮಾನರು ಜಾಗ ಬಿಟ್ಟುಕೊಟ್ಟಿದ್ದಾರೆ. ನಮ್ಮ ಸ್ಕೂಟರೂ ಅಲ್ಲಿಯೇ ನಿಲ್ಲಲಿದೆ. ಉಪಕೇಂದ್ರದ ಬೆಳಗಿನ ಪೂಜೆ ಆ ಒಂಬತ್ತು ದಿನ ಕಾಲು ಗಂಟೆ ತಡವಾಗಿ ಆರಂಭವಾಗುವುದು.