ದಸರಾ ರಜೆಯಲ್ಲೇ ಓಟ ಶುರು ಮಾಡಿ

ಮನೆ ತುಂಬಾ ನೆಂಟರು, ಒಲೆ ಮೇಲೆ ಹೋಳಿಗೆ. ಓಟ ಶುರು ಮಾಡೋಕೆ ಇದೇ ಒಳ್ಳೇ ಹೊತ್ತು ಅಂದ್ರೆ ನಗ್ತೀರಿ. ನಗಿ. ಆದ್ರೆ ಆಫೀಸಿನ ಗಡಿಬಿಡಿ ಇಲ್ಲದ ಬೆಳಗು ವರ್ಷಕ್ಕೆ ಎಷ್ಟು ಸಿಗುತ್ತೆ ಹೇಳಿ?

1996ರಲ್ಲಿ ಜೋಶ್ ಕ್ಲಾರ್ಕ್ ಅನ್ನೋರು ಓಡೋದೇ ಗೊತ್ತಿಲ್ಲದವರಿಗೆ ಅಂತ 'ಕೌಚ್ ಟು 5ಕೆ' (ಸೋಫಾದಿಂದ 5 ಕಿ.ಮೀ. ಓಟಕ್ಕೆ) ಅನ್ನೋ ಅಭ್ಯಾಸಕ್ರಮ ರೂಪಿಸಿದ್ರು. 9 ವಾರ, ವಾರಕ್ಕೆ 3 ದಿನ. ಮೊದಲ ವಾರ 5 ನಿಮಿಷ ಬಿರುಸು ನಡಿಗೆ, ಆಮೇಲೆ 60 ಸೆಕೆಂಡ್ ಓಟ, 90 ಸೆಕೆಂಡ್ ನಡಿಗೆ, ಹೀಗೇ 20 ನಿಮಿಷ. ಮನೇಲಿ ಅರ್ಧ ಜನ ಇನ್ನೂ ಎದ್ದಿರಲ್ಲ, ನೀವು ವಾಪಸ್!

ಮೈಸೂರಲ್ಲಿದ್ರೆ ಕುಕ್ಕರಹಳ್ಳಿ ಕೆರೆ ದಾರಿ ಹಿಡೀರಿ. ಭಾವನನ್ನೂ ಎಬ್ಬಿಸ್ಕೊಂಡು ಹೋಗಿ. ಓಡ್ತಾ ಓಡ್ತಾನೇ "ಭಾವ, ಮಧ್ಯಾಹ್ನಕ್ಕೆ ಏನಂತೆ ಅಡುಗೆ?" ಅಂತ ಒಂದೇ ಉಸಿರಲ್ಲಿ ಕೇಳೋಕಾದ್ರೆ ವೇಗ ಸರಿ ಇದೆ. ಮಾತು ಮಧ್ಯೆ ತುಂಡಾದ್ರೆ ನಿಧಾನ ಮಾಡಿ.

ದಿನಾ ಓಡಬೇಡಿ. ಉಸಿರು ಬೇಗ ಪಳಗುತ್ತೆ. ಮೂಳೆ, ಸ್ನಾಯುರಜ್ಜು ಪಳಗೋದು ತಡ. ಆಯುಧಪೂಜೆಗೆ ಬಿಡುವು ಇಟ್ಕೊಳ್ಳಿ, ಅವತ್ತು ಗಾಡಿ ತೊಳೆಯೋದೇ ಸಾಕಷ್ಟು ವ್ಯಾಯಾಮ.

ಹೋಳಿಗೆ ಬಿಡಬೇಕಿಲ್ಲ. ಭರ್ಜರಿ ಊಟ ಆದ್ಮೇಲೆ ಎರಡು ಮೂರು ಗಂಟೆ ಓಡಬೇಡಿ, ಅಷ್ಟೇ. "ತಿಂದಿದ್ದನ್ನ ಓಡಿ ಕರಗಿಸ್ತೀನಿ" ಅನ್ನೋ ಲೆಕ್ಕ ಮಾತ್ರ ಬೇಡ, ಈ 20 ನಿಮಿಷಕ್ಕೆ ಅಷ್ಟೆಲ್ಲ ಕರಗಲ್ಲ!

ಬಿಪಿ, ಹೃದಯದ ತೊಂದರೆ ಇದ್ರೆ ಮೊದಲು ಡಾಕ್ಟರನ್ನ ಕೇಳಿ.

ಅತ್ತೆ, ಮಾವ ಓಡಲ್ವಾ? ಜೊತೆಗೆ ನಡೀಲಿ. ನೀವು ನಡೆಯೋ ಆ 90 ಸೆಕೆಂಡಲ್ಲಿ ಅವರ ಕಡೆಗೇ ತಿರುಗಿ ನಡೀರಿ, ಸಿಕ್ಕೇ ಸಿಗ್ತಾರೆ.